ಸರ್ಕಾರದ ಪಾಲಾಗಬೇಕಿದ್ದ ಗುಂಡಪ್ಪ

ಮುಂಬೈಯ ಘಾಟ್ಕೋಪರಿನ ನಮ್ಮ ಹಳೆಯ ಚಾಳಿನ ಗಲ್ಲಿಯನ್ನು ಅಗಲ ಮಾಡುತ್ತಾರೆಂದೂ, ಅದಕ್ಕೂ ಮೊದಲು ನೆಲದಡಿ ಹಿಂದಿನ ಕಾಲದ್ದೇನಾದರೂ ಇದೆಯೇ ಎಂದು ಪುರಾತತ್ವದವರು ಅಗೆದು ನೋಡುತ್ತಿದ್ದಾರೆಂದೂ ಕೇಳಿ ನಾನು ನಕ್ಕುಬಿಟ್ಟೆ. ಅಲ್ಲಿ ಸಿಗುವುದಿದ್ದರೆ ನಮ್ಮದೇ ಒಡೆದ ಕಪ್ಪು-ಬಸಿ. ಅವ್ವ ನಗಲಿಲ್ಲ. "ನಮ್ಮ ಗುಂಡಪ್ಪ ಅಲ್ಲೇ ಅದಾನ. ನಡಿ, ಹೋಗೂಣು," ಎಂದು ಸೀರೆ ಬದಲಿಸಿಯೇಬಿಟ್ಟಳು.

ಗುಂಡಪ್ಪ ಎಂದರೆ ನಮ್ಮ ಒರಳಿನ ಗುಂಡುಕಲ್ಲು. ನಮ್ಮ ಕಡೆ ಕೂಸಿಗೆ ಹೆಸರಿಡುವ ದಿನ ಮೊದಲು ತೊಟ್ಟಿಲೇರುವುದು ಅದೇ. ನೀರೆರೆದು, ಅರಿಶಿಣ ಹಚ್ಚಿ, ಕುಂಚಿಗೆ ತೊಡಿಸಿ, ಜೋಗುಳ ಹಾಡಿ ತೂಗಿದ ಮೇಲೆಯೇ ಕೂಸಿನ ಸರದಿ. ವಿಜಯಪುರದಿಂದ ಅವ್ವನ ಜೊತೆ ಬಂದ ಆ ಕಲ್ಲು ನನಗಿಂತ ಮೊದಲು ಮಲಗಿತ್ತು, ನನ್ನ ಮಗಳಿಗಿಂತ ಮೊದಲೂ ಮಲಗಿತ್ತು. ಚಾಳಿನ ಮರಾಠಿಯವರ ಮನೆಯಲ್ಲಿ ನಾಮಕರಣವಿದ್ದರೂ ಅದನ್ನೇ ಒಯ್ಯುತ್ತಿದ್ದರು. ಒಬ್ಬರ ಕಂಕುಳಿಂದ ಇನ್ನೊಬ್ಬರ ಕಂಕುಳಿಗೆ ಏರಿ ಬಾಗಿಲಿಂದ ಬಾಗಿಲಿಗೆ ಹೋಗುತ್ತಿದ್ದ ಅದರ ಗತ್ತೇ ಗತ್ತು. ಆ ಗದ್ದಲ, ಆ ಗುಗ್ಗರಿಯ ವಾಸನೆ ಈಗಲೂ ನೆನಪಿದೆ. ಚಾಳು ಕೆಡವುವ ಗಡಿಬಿಡಿಯಲ್ಲಿ, ಗಲ್ಲಿಯ ಅಂಚಿಗೆ ಹೂತಿದ್ದ ಒರಳಿನ ಸಮೇತ ಅದು ಮಣ್ಣುಪಾಲಾಯಿತು.

ಈಗ ಮಗಳಿಗೆ ಮಗು ಹುಟ್ಟಿದೆ, ಭಾನುವಾರ ಹೆಸರಿಡಬೇಕು. "ಮಿಕ್ಸರ್ ಜಾರ್ ಮಲಗಿಸ್ಲೇನು?" ಎಂದು ಅವ್ವ ವಾರದಿಂದ ನನ್ನ ತಲೆ ತಿನ್ನುತ್ತಿದ್ದಳು.

ಹೋದರೆ, ಗುಂಡಿಯ ಪಕ್ಕ ಹಾಸಿದ್ದ ತಾಡಪತ್ರಿಯ ಮೇಲೆ ಗುಂಡಪ್ಪ ಕೂತಿದ್ದ! ಒಂದು ಕಡೆ ಚೂರು ಹಾರಿದ್ದ ಅದೇ ಕರಿ ಕಲ್ಲು. ಹೆಸರಿಡುವುದಕ್ಕೆ ಬೇಕೆಂದು ನಾನು ವಿವರಿಸಿದೆ. ಅಲ್ಲಿನ ಅಧಿಕಾರಿ, ನನ್ನ ಮಗಳ ವಯಸ್ಸಿನ ಮರಾಠಿ ಹುಡುಗಿ, ಅವ್ವನಿಗೆ ಕುರ್ಚಿ ಕೊಟ್ಟು ಕಲ್ಲು ಎಷ್ಟು ಹಳೆಯದೆಂದು ಕೇಳಿದಳು. ಅವ್ವನಿಗೆ ಅಷ್ಟೇ ಸಾಕಿತ್ತು. "ಬಹುತ್ ಪುರಾನಾ! ನಮ್ಮಜ್ಜಿ ಅಜ್ಜಿದು ಹೈ!" ಎಂದು ಹಿಂದಿ ಕನ್ನಡ ಕಲಸಿ ವಂಶಾವಳಿಯನ್ನೇ ಬಿಚ್ಚಿದಳು. ಹುಡುಗಿಯ ಮುಖ ಸಣ್ಣದಾಯಿತು. ಅಷ್ಟು ಹಳೆಯದಾದರೆ ಸರ್ಕಾರಕ್ಕೆ ಸೇರಬೇಕು, ಈಚಿನದಾಗಿದ್ದರೆ ಒಯ್ಯಬಹುದಿತ್ತು ಎಂದಳು. ನಾನು ಅವ್ವನನ್ನು ಚಿವುಟಿದೆ, ತಡವಾಗಿತ್ತು.

ಆದರೆ ಆ ಪುಣ್ಯಾತ್ಗಿತ್ತಿ ಬರೆದುಕೊಳ್ಳಲು ಇನ್ನೂ ಪೆನ್ನು ತೆರೆದಿರಲಿಲ್ಲ. ಅವರ ಮನೆಯಲ್ಲೂ ಹೀಗೇ ಕಲ್ಲು ತೂಗುತ್ತಾರಂತೆ. ಸರಿಯಾಗಿ ನೆನಪು ಮಾಡಿಕೊಳ್ಳಿ ಆಜಿ, ಇದನ್ನು ಮುಂಬೈಯಲ್ಲೇ ಕೊಂಡದ್ದಲ್ಲವೇ ಎಂದು ಮೆಲ್ಲಗೆ ಕೇಳಿದಳು.

ಅವ್ವ ಕಲ್ಲನ್ನೇ ನೋಡುತ್ತ ಕೂತಳು. ಮನೆತನದ ಮಾತು ಬಂದರೆ ಯಾರಿಗೂ ಬಗ್ಗದ ಹೆಂಗಸು. ಕೊನೆಗೆ, "ಹಾಂ. ಬೈಕುಲ್ಲಾ ಬಜಾರ್ ಸೆ ಲಿಯಾ. ಮಾಮೂಲಿ ಪತ್ಥರ್ ಹೈ," ಎಂದಳು.

ರಿಕ್ಷಾದಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡಳು. ಗೆದ್ದು ಬಂದೆವೆಂಬ ಹುರುಪಿನಲ್ಲಿ ನಾನು ಏನೇನೋ ಹರಟುತ್ತಿದ್ದೆ. ಸಿಗ್ನಲ್ಲಿನಲ್ಲಿ ತಿರುಗಿ ನೋಡಿದರೆ, ಅವ್ವ ಸೆರಗಿನಿಂದ ಕಲ್ಲಿನ ಮಣ್ಣು ಒರೆಸುತ್ತ ಅಳುತ್ತಿದ್ದಳು.

"ಎಲ್ಲಾರ ಮುಂದ ನಿನಗ ಮಾಮೂಲಿ ಕಲ್ಲು ಅಂದೆನಲ್ಲೋ, ನನ್ನಪ್ಪಾ," ಎಂದು ಅದಕ್ಕೆ ಹೇಳುತ್ತಿದ್ದಳು.