ಭಾಗಿಸಿ ನೋಡದ ಸಂಖ್ಯೆ

ನಮ್ಮ ಗಣಿತದ ಮಾಸ್ತರು ಕಳೆದ ಸೋಮವಾರ ಬೆಳಿಗ್ಗೆ ಚಿತ್ತಾಪುರದ ತಮ್ಮ ಮನೆಯಲ್ಲಿ ತೀರಿಕೊಂಡರು. ಅವರ ಬಲಗೈ ತೋರುಬೆರಳು ತುದಿಯಲ್ಲಿ ಎಡಕ್ಕೆ ಬಾಗಿತ್ತು. ಸೀಮೆಸುಣ್ಣ ಆ ತಿರುವಿನಲ್ಲಿ ಕೂತರೆ ಅಂಕಿಗಳು ಅಚ್ಚಿನಂತೆ ಬೀಳುತ್ತಿದ್ದವು. ಯಾರಾದರೂ ಬಾಯಿಗೆ ಬಂದ ಉತ್ತರ ಹೇಳಿದರೆ ಒಂದೇ ಮಾತು ಕೇಳುತ್ತಿದ್ದರು: "ಭಾಗಿಸಿ ನೋಡಿದೇನು?"

ಅವರೇ ಭಾಗಿಸಿ ನೋಡದ ಸಂಖ್ಯೆಯೊಂದಿತ್ತು. 31, 331, 3331 ಹೀಗೆ ಮುಂದೆ ಒಂದೊಂದೇ 3 ಸೇರಿಸುತ್ತ ಹೋದರೆ ಮೊದಲ ಏಳೂ ಅವಿಭಾಜ್ಯ. 1 ಮತ್ತು ತಮ್ಮನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗುವುದಿಲ್ಲ. ಇದನ್ನು ತರಗತಿಯಲ್ಲಿ ಭಾಳ ಖುಷಿಯಿಂದ ತೋರಿಸಿದ್ದರು. ನಾನು ಹತ್ತನೆಯ ತರಗತಿಯಲ್ಲಿದ್ದಾಗ ಸೇಡಂನಲ್ಲಿ ಕೆಲವು ಶಾಲೆಗಳು ಸೇರಿ ಗಣಿತ ಸ್ಪರ್ಧೆ ನಡೆಸಿದವು. ಪ್ರಶ್ನೆ, ಉತ್ತರ ಎರಡನ್ನೂ ಬರೆದುಕೊಟ್ಟವರು ನಮ್ಮ ಮಾಸ್ತರು. ಗೆದ್ದ ಒಬ್ಬರು ಮುಂದಿನ ಸುತ್ತಿಗೆ ಕಲಬುರಗಿಗೆ ಹೋಗಬೇಕು.

ಕೊನೆಗೆ ನಾನೂ ಚಿಂಚೋಳಿಯ ಒಬ್ಬ ಹುಡುಗಿಯೂ ಸಮ ಅಂಕದಲ್ಲಿ ಉಳಿದೆವು. ಕಡೆಯ ಪ್ರಶ್ನೆ ಆ ಸಾಲಿನ ಎಂಟನೆಯ ಸಂಖ್ಯೆ, 333333331. ಅವಿಭಾಜ್ಯವೇ? ನಾನು ಹೌದು ಎಂದು ಬರೆದೆ, ಆಕೆ ಅಲ್ಲ ಎಂದು. ಉತ್ತರಪಟ್ಟಿಯಲ್ಲಿ ಹೌದು ಎಂದಿತ್ತು. ಪದಕ ನನ್ನ ಕೊರಳಿಗೆ ಬಿತ್ತು.

ಆ ಹುಡುಗಿ ಕೂರಲಿಲ್ಲ. "ಹದಿನೇಳರಿಂದ ಹೋಗ್ತದ್ರಿ ಸರ್," ಎಂದಳು.

ನಮ್ಮ ಶಾಲೆಯ ಇನ್ನೊಬ್ಬ ಶಿಕ್ಷಕರು ಮಾಸ್ತರ ಕಿವಿಯಲ್ಲಿ, "ಬಿಡ್ರಿ, ನಮ್ಮ ಹುಡುಗಿನೇ ಗೆದ್ದಾಳ," ಎಂದದ್ದು ನನಗೂ ಕೇಳಿಸಿತು. ಮಾಸ್ತರು ಹಲಗೆಯ ಕಡೆ ನಡೆದು ಹದಿನೇಳರಿಂದ ಭಾಗಿಸತೊಡಗಿದರು; ಭಾಗಲಬ್ಧದ ಅಂಕಿಗಳು ಒಂದೊಂದಾಗಿ ಬಿದ್ದವು. ಒಂದು, ಒಂಬತ್ತು, ಆರು, ಸೊನ್ನೆ. ಹಂತ ಹಂತಕ್ಕೂ ಶೇಷ ಉಳಿಯುತ್ತಿತ್ತು; ಕೊನೆಯಲ್ಲೂ ಉಳಿಯಲಿ ಎಂದು ನಾನು ಪದಕ ಹಿಡಿದುಕೊಂಡು ನಿಂತಿದ್ದೆ. ಏಳು, ಎಂಟು, ನಾಲ್ಕು. ಉಳಿದದ್ದು ಐದು, ಕೆಳಗಿಳಿಸಲು ಬಾಕಿ ಇದ್ದ ಅಂಕಿ ಒಂದು. ಹದಿನೇಳು ಮೂರ್ಲೆ ಐವತ್ತೊಂದು.

ಅವರು ಸಭೆಯತ್ತ ತಿರುಗಿದರು. "ನಾ ಭಾಗಿಸಿ ನೋಡಿಲ್ಲ. ತಪ್ಪು ನಂದು." ನನ್ನ ಕೊರಳಿನ ಪದಕ ತೆಗೆದು ಆಕೆಗೆ ಹಾಕಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕ ಕೂತು, "ಸಿಟ್ಟು ಬಂದದೇನವ್ವ?" ಎಂದರು. ಹೂಂ ಎಂದೆ. "ಇರ್ಲಿ. ಆದ್ರ ಇನ್ನ ಮ್ಯಾಲ ನಾ ಹೇಳೀನಂತ ನಂಬಬ್ಯಾಡ."

ಪತ್ರಿಕೆಯ ಕೆಲಸಕ್ಕೆ ಸೇರಿದ ಮೇಲೆ, ಯಾರು ಕೊಟ್ಟ ಅಂಕಿಯೇ ಆಗಲಿ, ನಾನೇ ಲೆಕ್ಕ ಹಾಕಿ ನೋಡದೆ ಅಚ್ಚಿಗೆ ಕಳಿಸಿಲ್ಲ.

ಮಂಗಳವಾರ ಅವರ ಮನೆಗೆ ಹೋದಾಗ ಮಗಳು ಒಂದು ನೋಟ್‌ಬುಕ್ ತಂದು ತೋರಿಸಿದರು. ಸಾಲಿನ ಒಂಬತ್ತನೆಯ ಸಂಖ್ಯೆ 3333333331. ಮಾಸ್ತರು ಅದನ್ನು ಚಿಕ್ಕ ಅವಿಭಾಜ್ಯಗಳಿಂದ ಹಿಡಿದು ಒಂದೊಂದಾಗಿ, ಕೈಯಿಂದಲೇ ಭಾಗಿಸುತ್ತ ಬಂದಿದ್ದರು. ಕೊನೆಯ ಲೆಕ್ಕ 661ರದು, ಶೇಷ ಉಳಿದಿದೆ. ಅದರ ನಂತರದ ಅವಿಭಾಜ್ಯ 673. ಅದೇ ಪುಟದಲ್ಲಿ ನಾನು ಭಾಗಿಸಿದೆ. ಶೇಷ ಸೊನ್ನೆ.