ಫ್ಯಾನ್ ನಿಲ್ಲಿಸಿ ಕೇಳಬೇಕಾದ ದನಿ

ಅವರು ಎದ್ದು ನಿಂತರೆಂದರೆ ಕೋರ್ಟಿನ ಸಿಪಾಯಿ ತಾನಾಗಿಯೇ ಹೋಗಿ ಫ್ಯಾನ್ ಬಂದ್ ಮಾಡುತ್ತಿದ್ದ. ಗಂಟಲಿನ ಆಪರೇಶನ್ ಆದಮೇಲೆ ಅವರ ದನಿ ಅಷ್ಟು ಕ್ಷೀಣವಾಗಿತ್ತು. ಗಡಹಿಂಗ್ಲಜದ ಕೋರ್ಟಿನಲ್ಲಿ ಅವರು ಸರಕಾರಿ ವಕೀಲರು. ಹೆಂಗಸೆಂದು ನಾವೆಲ್ಲ ವಕೀಲಬಾಯಿ ಎನ್ನುತ್ತಿದ್ದೆವು. ಬೇಸಗೆಯಲ್ಲಿ ಬೆವರೊರೆಸಿಕೊಳ್ಳುತ್ತ ಅವರನ್ನು ಬೈದುಕೊಂಡವರೇ ಹೆಚ್ಚು.

ನನ್ನ ತಂಗಿಯನ್ನು ಇಚಲಕರಂಜಿಯ ಮಗ್ಗದ ಮಾಲೀಕರ ಮನೆಗೆ ಕೊಟ್ಟಿತ್ತು. ಅವಳು ಎಡಗೈ ಮುರಿದುಕೊಂಡು ತವರಿಗೆ ಬಂದ ಮೇಲೆ ಗಂಡನ ಮೇಲೆ ಕೇಸಾಯಿತು. ಮೊದಲ ಸಲ ವಕೀಲಬಾಯಿಯ ಮುಂದೆ ಕೂತಾಗ ಅವರು ಕಾಗದ ಬದಿಗಿಟ್ಟು ತಂಗಿಯ ಮುಖ ನೋಡಿದರು.

"ನಿನ್ನೆ ರಾತ್ರಿ ಎಲ್ಲಿ ಮಲಕೊಂಡಿದ್ದಿ?"

"ಅಪ್ಪನ ಮನ್ಯಾಗ್ರಿ."

"ಛಲೋ ಆತು."

ಇದೆಂಥ ಪ್ರಶ್ನೆ ಎಂದು ನನಗೆ ಸಿಟ್ಟೇ ಬಂದಿತ್ತು. ಅವರು ಎಲ್ಲ ಹೆಣ್ಣುಮಕ್ಕಳಿಗೂ, ಪ್ರತಿ ತಾರೀಖಿಗೂ ಅದನ್ನೇ ಕೇಳುತ್ತಿದ್ದರು. ಕಾರಣ ಅವರೇ ಒಮ್ಮೆ ಹೇಳಿದರು. ಹಿಂದೆ ಜಯಸಿಂಗಪುರದ ಹುಡುಗಿಯೊಬ್ಬಳು ಸಾಕ್ಷಿಕಟ್ಟೆಯಲ್ಲಿ ನಿಂತು ತನ್ನದೇನೂ ತಕರಾರಿಲ್ಲ ಎಂದಳಂತೆ. ಗಂಡ ಬಿಡುಗಡೆಯಾದ. ಆ ಹುಡುಗಿ ಹೆಚ್ಚು ದಿನ ಬದುಕಲಿಲ್ಲ. "ಹೆಣ್ಮಗಳು ಯಾರ ಮನ್ಯಾಗ ಉಂಡು ಬಂದಿರತಾಳ, ಅವರ ಮಾತ ಹೇಳತಾಳವಾ. ನಾ ಅವತ್ತ ಬರೇ ಕಾಗದ ಓದಿದ್ನಿ, ಆಕಿನ್ನ ನೋಡಲಿಲ್ಲ" ಎಂದರು.

ತಂಗಿಯ ಸಾಕ್ಷಿಯ ದಿನ ಹತ್ತಿರ ಬಂದಾಗ ಸಮಾಜದ ಹಿರಿಯರು ನಮ್ಮಪ್ಪನ ಪಡಸಾಲೆಯಲ್ಲಿ ಬಂದು ಕೂತರು. ನಮ್ಮ ಕಡೆ ಮುರಿದ ಸಂಸಾರ ಕೂಡಿಸಿದರೆ ಉಡಿ ತುಂಬಿ ಕಳಿಸುವುದು ರೂಢಿ. ಹಸಿರು ಸೀರೆ ಉಡಿಸಿ, ಎರಡೂ ಕೈತುಂಬ ಹಸಿರು ಬಳೆ ಇಡಿಸಿ, ಉಡಿಗೆ ಅಕ್ಕಿ ಕಾಯಿ ಹಾಕಿದರು. ಬೇಡವೆಂದು ನಾನು ಜಗಳಾಡಿದೆ. ಅಪ್ಪ ಹಿರಿಯರ ಮುಂದೆ ಎಲೆಅಡಿಕೆ ತಟ್ಟೆ ಸರಿಸಿದ. ತಂಗಿ ಇಚಲಕರಂಜಿಗೆ ಹೋದಳು.

ಸಾಕ್ಷಿಯ ದಿನ ಅತ್ತೆಮನೆಯವರ ಕಾರಿನಲ್ಲಿ, ಅದೇ ಹಸಿರು ಸೀರೆಯಲ್ಲಿ ಬಂದಳು. ಇನ್ನೊಂದು ತಾರೀಖು ಕೊಡಿ ಎಂದು ವಕೀಲಬಾಯಿ ಬೇಡಿಕೊಂಡರು. ಕೇಸು ಹಳೆಯದಾಯಿತು, ಆರೋಪಿಯೂ ವರ್ಷಗಟ್ಟಲೆ ಓಡಾಡುತ್ತಿದ್ದಾನೆ ಎಂದು ಜಡ್ಜ್ ಸಾಹೇಬರು ಒಪ್ಪಲಿಲ್ಲ. ತಂಗಿ ಕಟ್ಟೆ ಹತ್ತಿದಳು.

"ಬಚ್ಚಲದಾಗ ಜಾರಿ ಬಿದ್ದಿದ್ನಿರಿ. ಅವರೇನೂ ಮಾಡಿಲ್ಲ."

ಗಂಡನ ವಕೀಲ ನಕ್ಕ. ಬೇರೆ ಯಾರಾದರೂ ಅಲ್ಲಿಗೇ ಕೂತುಬಿಡುತ್ತಿದ್ದರು. ವಕೀಲಬಾಯಿ ಎದ್ದರು, ಫ್ಯಾನ್ ನಿಂತಿತು.

"ಬಲಗೈ ತುಂಬ ಹಸರ ಬಳಿ ಅದಾವ. ಎಡಗೈ ಸೆರಗಿನಾಗ ಯಾಕ ಇಟ್ಟಿ? ತಗಿ."

ಎಡಗೈಯಲ್ಲಿ ಒಂದು ಬಳೆಯೂ ಇರಲಿಲ್ಲ. ಮಣಿಕಟ್ಟಿನ ಮೇಲೆ ಹಸಿ ಗೀರುಗಳಿದ್ದವು. ಉಡಿ ತುಂಬಿಸಿಕೊಂಡ ಮುತ್ತೈದೆಯ ಒಂದು ಕೈ ಬೋಳು ಬಿಟ್ಟು ಯಾರೂ ಕಳಿಸುವುದಿಲ್ಲ, ಅದು ಅಲ್ಲಿ ಕೂತ ಎಲ್ಲರಿಗೂ ಗೊತ್ತು. ಬರೆಯುತ್ತಿದ್ದ ಸಾಹೇಬರು ತಲೆ ಎತ್ತಿದರು. ಯಾರು ಒಡೆದರು ಎಂದು ಅವರೇ ಕೇಳಿದರು. ತಂಗಿ ಎಡಗೈಯನ್ನು ಮತ್ತೆ ಸೆರಗಿನೊಳಗೆ ಎಳೆದುಕೊಂಡಳು. ಸಾಹೇಬರು ಪೆನ್ನು ಕೆಳಗಿಟ್ಟರು.

"ಬಾಯಿ, ತುಮ್ಹೀಚ ಬೋಲಲಾ ನಾಹೀತ ತರ ಮೀ ಕಾಯ ಲಿಹೂ?" ಎಂದರು ಅವಳಿಗೆ, ಮರಾಠಿಯಲ್ಲಿ. ನೀವೇ ಹೇಳದಿದ್ದರೆ ನಾನೇನು ಬರೆಯಲಿ ಎನ್ನುವ ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತೋಚದೆ ಕೇಳಿದಂತಿತ್ತು.

"ಇದೊಂದು ಕೇಳತೇನಿ ಸಾಹೇಬ್ರ" ಎಂದು ವಕೀಲಬಾಯಿ ತಂಗಿಯ ಕಡೆ ತಿರುಗಿದರು. "ಇವತ್ತ ರಾತ್ರಿ ಎಲ್ಲಿ ಮಲಗತಿ?"

ತಂಗಿ ನನ್ನ ಪಕ್ಕ ಕೂತಿದ್ದ ಅಪ್ಪನನ್ನು ನೋಡಿದಳು. ಅಪ್ಪ ನೆಲ ನೋಡಿದ.

"ಎಲ್ಲಿ ಕರಕೊಂಡ ಹೋಗತಾರ ಅಲ್ಲೇರಿ" ಎಂದಳು.

ನಾನು ಎದ್ದು ನಿಂತು ಒದರಿದೆ: "ನನ್ನ ಮನ್ಯಾಗ! ಇವತ್ತಷ್ಟ ಅಲ್ಲ, ದಿನಾ!" ಸಿಪಾಯಿ ಗದರಿಸಿದ. ಸಾಹೇಬರು ಕೈಯೆತ್ತಿ ಅವನನ್ನು ಸುಮ್ಮನಿರಿಸಿ, ತಂಗಿಯನ್ನು ಕೇಳಿದರು, ಹೋಗುತ್ತೀರಾ? ಅವಳು ಹೂಂ ಎಂದು ತಲೆಯಾಡಿಸಿದಳು. ಹೊರಗೆ ಕಾರಿನ ಹತ್ತಿರ ಯಾರೂ ಅವಳ ಮೈಮುಟ್ಟದಂತೆ ಪೊಲೀಸರನ್ನು ಜೊತೆಗೆ ಕಳಿಸಿದರು.

ಕೇಸು ಮಾತ್ರ ಬಿದ್ದುಹೋಯಿತು. ಸಾಕ್ಷಿ ಇಲ್ಲವೆಂದು ಗಂಡ ಬಿಡುಗಡೆಯಾದ, ಮತ್ತೊಂದು ಮದುವೆಯೂ ಆದನಂತೆ. ಆ ಹುಡುಗಿ ಯಾರೋ ಏನೋ. ಅಪ್ಪ ನನ್ನ ಹೊಸ್ತಿಲು ತುಳಿಯುವುದಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ನನ್ನ ಎರಡು ಖೋಲಿಗಳಲ್ಲಿ ತಂಗಿ ಇವತ್ತಿಗೂ ಕಾರಿನ ಸದ್ದಾದರೆ ಒಳಗಿನ ಅಗಳಿ ಹಾಕುತ್ತಾಳೆ.

ವಕೀಲಬಾಯಿಗೆ ಗಂಟಲ ಬೇನೆ ಮತ್ತೆ ಮರುಕಳಿಸಿತು. ಕೊಲ್ಲಾಪುರದ ಆಸ್ಪತ್ರೆಗೆ ನಾವಿಬ್ಬರೂ ಹೋದೆವು. ನಮ್ಮನ್ನು ನೋಡಿ ತುಟಿ ಅಲ್ಲಾಡಿಸಿದರು, ಏನೂ ಕೇಳಿಸಲಿಲ್ಲ. ತಂಗಿ ಎದ್ದು ಹೋಗಿ ಫ್ಯಾನ್ ಬಂದ್ ಮಾಡಿ ಬಂದಳು. ಆಗಲೂ ದನಿ ಬರಲಿಲ್ಲ. ಅವಳು ಬಗ್ಗಿ ಅವರ ಕಿವಿಯ ಹತ್ತಿರ ಹೇಳಿದಳು:

"ಅಕ್ಕನ ಮನ್ಯಾಗ್ರಿ."

ಆ ವಾರದಲ್ಲೇ ಅವರು ತೀರಿಕೊಂಡರು. ಮೊನ್ನೆ ಓಣಿಯ ಒಬ್ಬ ಹೆಣ್ಣುಮಗಳ ಜೊತೆ ಅದೇ ಕೋರ್ಟಿಗೆ ಹೋಗಿದ್ದೆ. ಹೊಸ ಸರಕಾರಿ ವಕೀಲರು ಕಾಗದವನ್ನೆಲ್ಲ ಸರಿಯಾಗಿ ಓದಿದರು. ಅವಳು ತಕರಾರಿಲ್ಲ ಎಂದಳು. ಎಲ್ಲಿ ಮಲಗುತ್ತೀ ಎಂದು ಯಾರೂ ಕೇಳಲಿಲ್ಲ. ಫ್ಯಾನ್ ತಿರುಗುತ್ತಲೇ ಇತ್ತು.