ಸ್ಪೀಕರ್ ಇಡಲೊಂದು ಜಾಗ

ಬೆನ್ನಿನ ಆಪರೇಷನ್ ಆದ ಮೇಲೆ ಡಾಕ್ಟರು ನನಗೆ ಕಾರು ಓಡಿಸಬಾರದು, ಭಾರ ಎತ್ತಬಾರದು ಎಂದರು. ಭಾರದ ವಿಷಯ ಹೇಗೂ ಸುಧಾರಿಸಬಹುದಿತ್ತು, ಕಾರಿನದ್ದೇ ಕಷ್ಟ. ನಾನು ಔಷಧ ಕಂಪೆನಿಯೊಂದರ ರೆಪ್. ಒಂದು ದಿನ ಬೆಳ್ತಂಗಡಿ, ಲಾಯಿಲ, ಮರುದಿನ ಮೂಡುಬಿದಿರೆ, ಇನ್ನೊಂದು ದಿನ ಕಲ್ಲಡ್ಕ ದಾಟಿ ಕನ್ಯಾನದವರೆಗೆ, ಹೀಗೆ ಸುತ್ತುವುದೇ ನನ್ನ ಉದ್ಯೋಗ. ಬಿ.ಸಿ. ರೋಡಿನ ನಮ್ಮ ಫ್ಲಾಟಿಗೆ ಉಣ್ಣಲಿಕ್ಕೆ, ಮಲಗಲಿಕ್ಕೆ ಬರುತ್ತಿದ್ದವನು ಈಗ ಇಡೀ ದಿನ ಅದರೊಳಗೇ ಇರಬೇಕಾಯಿತು.

ಹೆಂಡತಿ ಮೂಡುಬಿದಿರೆಯ ಒಂದು ಹೈಸ್ಕೂಲಿನಲ್ಲಿ ಟೀಚರ್. ಬೆಳಗ್ಗೆ ಬಸ್ಸು ಹತ್ತಿದರೆ ಸಂಜೆಯೇ ಬರುವುದು. ಅವಳು ಹೋದ ಕೂಡಲೇ ನನ್ನ ತಿರುಗಾಟ ಶುರುವಾಗುತ್ತಿತ್ತು. ಹಾಲ್, ಊಟದ ಮೇಜು, ಅಡುಗೆಕಟ್ಟೆ ಎಲ್ಲವೂ ಒಂದೇ ಕೋಣೆ ನಮ್ಮಲ್ಲಿ. ಮನೆ ಕೊಂಡಾಗ ನಡುವಿನ ಗೋಡೆ ತೆಗೆಸಿದ್ದೆವು. ಬಾಲ್ಕನಿಯಿಂದ ಸಿಂಕಿನವರೆಗೆ ನಡೆದು, ತಿರುಗಿ, ಮತ್ತೆ ಬಾಲ್ಕನಿಗೆ ಬಂದು ಕೆಳಗೆ ಹೋಗುವ ಬಸ್ಸುಗಳನ್ನು ನೋಡುವುದು. ಅಷ್ಟರಲ್ಲಿ ಚಹಾದ ನೆನಪಾಗುವುದು.

ಒಂದು ಜೊತೆ ಸ್ಪೀಕರ್ ತರಿಸುವ ಯೋಚನೆ ಬಂದದ್ದು ಹೀಗೆ ನಡೆಯುತ್ತಿದ್ದಾಗಲೇ. ಕಾರಿನಲ್ಲಿ ನಾನು ತಾಳಮದ್ದಳೆ, ಅಂದರೆ ವೇಷ ಕಟ್ಟದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳುತ್ತಿದ್ದೆ. ಪಾತ್ರಗಳ ಮಾತಾಡುವ ಅರ್ಥಧಾರಿಗಳ ವಾದ ರಂಗೇರಿದಾಗ ಕ್ಲಿನಿಕ್ಕಿನ ಎದುರು ಕಾರು ನಿಲ್ಲಿಸಿಯೂ ಇಳಿಯದೆ ಕೂತದ್ದುಂಟು. ಮನೆಯಲ್ಲಿ ಅದನ್ನು ಫೋನಿನಲ್ಲಿ ಹಾಕಿದರೆ ಡಬ್ಬಿಯೊಳಗಿನಿಂದ ಯಾರೋ ಜಗಳ ಮಾಡಿದ ಹಾಗೆ ಕೇಳುತ್ತಿತ್ತು. ಕೊನೆಗೆ ಸೊಂಟದೆತ್ತರದ ಎರಡು ಸ್ಪೀಕರ್, ಒಂದು ಆಂಪ್ಲಿ, ದಪ್ಪ ಸದ್ದಿಗೆಂದು ಒಂದು ವೂಫರ್ ಬಂದವು. ಅಂಗಡಿಯವರು ಟಿ.ವಿ.ಯ ಎರಡು ಕಡೆ ಇಟ್ಟು, ವಯರು ಎಳೆದು ಹೋದರು.

ಮೊದಲ ದಿನವೇ ಸಮಾಧಾನವಾಗಲಿಲ್ಲ. ಎಡಗಡೆಯ ಸ್ಪೀಕರಿಗೆ ಹತ್ತಿರ ಗೋಡೆ ಉಂಟು, ಬಲಗಡೆಯದ್ದಕ್ಕೆ ಇಲ್ಲ. ಹಾಗಾಗಿ ಭಾಗವತರು ಹಾಡುವ ಪದ ಎಡಕ್ಕೇ ವಾಲುತ್ತಿತ್ತು, ಬಲಗಡೆಯ ಮಾತೆಲ್ಲ ಅಡುಗೆಕಟ್ಟೆ ದಾಟಿ ಎಲ್ಲಿಯೋ ಹೋಗುತ್ತಿತ್ತು. ನೆಲದ ಟೈಲ್ಸಿಗೆ ಬಡಿದು ಪ್ರತಿ ಮಾತಿಗೂ ಒಂದು ಬಾಲ ಬರುತ್ತಿತ್ತು. ಸ್ಪೀಕರ್ ಇಡುವುದು ಹೇಗೆಂದು ಯೂಟ್ಯೂಬಿನಲ್ಲಿ ನೋಡಿದೆ. ಎರಡು ಸ್ಪೀಕರ್, ಕೇಳುವವನ ತಲೆ, ಮೂರೂ ಸೇರಿ ಸಮ ತ್ರಿಕೋನ ಆಗಬೇಕಂತೆ. ಸೋಫಾ ಹಿಂದೆ ತಳ್ಳಿದೆ. ಮರುದಿನ ಮುಂದೆ ತಂದೆ. ಸ್ಪೀಕರುಗಳನ್ನು ಬಾಲ್ಕನಿ ಕಡೆಗೆ ಸಾಗಿಸಿದೆ, ಮರುದಿನ ಪುನಃ ಟಿ.ವಿ. ಕಡೆಗೆ ತಂದೆ. ಎತ್ತುತ್ತಿರಲಿಲ್ಲ, ಕೆಳಗೆ ಬೆಡ್‌ಶೀಟು ಹಾಕಿ ಎಳೆಯುತ್ತಿದ್ದೆ. ಅದು ಭಾರ ಎತ್ತಿದ ಲೆಕ್ಕವಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಹೆಂಡತಿ ಸಂಜೆ ಚಪ್ಪಲಿ ಬಿಡುತ್ತಲೇ ಹಾಲ್ ನೋಡುತ್ತಿದ್ದಳು.

"ಇವತ್ತು ಸೋಫಾ ಎಲ್ಲಿಗೆ ಹೋಯಿತು?"

"ಇಲ್ಲೇ ಉಂಟಲ್ಲ. ಸ್ವಲ್ಪ ಕೂತು ಕೇಳು, ಬಲಗಡೆ ಕಡಿಮೆ ಆಗ್ತದಾ?"

"ನನಗೆ ಕೂರಲಿಕ್ಕೆ ಎಲ್ಲಿ ಪುರುಸೊತ್ತು? ಕುಕ್ಕರ್ ಇಡಬೇಕು."

ಕೂತು ಕೇಳುವವರೇ ಇಲ್ಲದ ಮನೆಯಲ್ಲಿ ನಾನು ತ್ರಿಕೋನ ಮಾಡುತ್ತಿದ್ದೆ. ಕೂರುವುದು ನನಗೂ ಆಗುತ್ತಿರಲಿಲ್ಲ. ಒಂದು ಪದ ಮುಗಿಯುವಷ್ಟರಲ್ಲಿ ಎದ್ದು ವಯರು ಮುಟ್ಟಬೇಕು ಅನ್ನಿಸುತ್ತಿತ್ತು.

ಒಂದು ಬೆಳಗ್ಗೆ ವೂಫರನ್ನು ಮೂಲೆಗೆ ನೂಕಿ ನೋಡುವ ಎಂದು ಹೊರಟೆ. ಪರೀಕ್ಷೆಗೆ ಚೆಂಡೆಯ ರೆಕಾರ್ಡಿಂಗ್ ಹಾಕಿ, ಧ್ವನಿ ಏರಿಸಿ, ಫೋನನ್ನು ಅಡುಗೆಕಟ್ಟೆಯ ಮೇಲಿಟ್ಟು ಬಂದೆ. ಬಗ್ಗಿ ನೂಕಿದೆನಷ್ಟೆ, ಸೊಂಟದಲ್ಲಿ ಏನೋ ಚಳುಕ್ ಎಂದಿತು. ಹಾಗೇ ಮೆಲ್ಲನೆ ನೆಲಕ್ಕೆ ಒರಗಿದೆ. ಮತ್ತೆ ಏಳಲಿಕ್ಕೆ ಆಗಲಿಲ್ಲ. ಮಗ್ಗುಲು ಬದಲಿಸಹೋದರೆ ಕಾಲಿನವರೆಗೂ ನೋವು ಹರಿಯುತ್ತಿತ್ತು. ಚೆಂಡೆ ಮಾತ್ರ ನಿಲ್ಲುವ ಹಾಗೆ ಕಾಣಲಿಲ್ಲ. ನೆಲದ ನಡುಕ ನನ್ನ ಹಲ್ಲಿನವರೆಗೆ ಬರುತ್ತಿತ್ತು. ಕೂಗಿದೆ, ನನ್ನ ಕೂಗು ನನಗೇ ಕೇಳಿಸಲಿಲ್ಲ. ಹೆಂಡತಿ ಬರುವವರೆಗೆ ಹೀಗೇ ಬಿದ್ದಿರಬೇಕಾ ಎಂಬ ಹೆದರಿಕೆಯ ಜೊತೆಗೆ ಅವಳು ಬಂದ ಮೇಲೆ ಏನು ಹೇಳುವುದೆಂಬ ಹೆದರಿಕೆಯೂ ಹುಟ್ಟಿತು.

ಹಗಲು ನಾವು ಮರದ ಬಾಗಿಲು ತೆರೆದು ಗ್ರಿಲ್ ಮಾತ್ರ ಚಿಲಕ ಹಾಕದೆ ಮುಂದೆ ಮಾಡಿಡುತ್ತೇವೆ. ಆ ಗ್ರಿಲ್ ತಳ್ಳಿಕೊಂಡು ಬಂದವರು ಮೇಲಿನ ಮನೆಯ ಬ್ಯಾರಿ ಹೆಂಗಸು. ಗಂಡ ಗಲ್ಫಿನಲ್ಲಿದ್ದಾರೆ, ಇವರು ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಮೆಟ್ಟಿಲಲ್ಲಿ ಸಿಕ್ಕಿದರೆ ನಗುವಷ್ಟೇ ಪರಿಚಯ. ಮುಖದಲ್ಲಿ ಸಿಟ್ಟಿತ್ತು. ನಾನು ನೆಲದಲ್ಲಿ ಬಿದ್ದಿರುವುದು ಕಂಡದ್ದೇ, "ಅಲ್ಲಾ!" ಎಂದವರು ಎಲ್ಲಿ ಬಂದ್ ಮಾಡುವುದೆಂದು ತಿಳಿಯದೆ ಗೋಡೆಯ ಪ್ಲಗ್ಗನ್ನೇ ಕಿತ್ತರು.

"ಎಂತ ಆಯ್ತು ಸರ್? ಬಿದ್ದದ್ದಾ?"

"ಬಿದ್ದದ್ದಲ್ಲ, ಮಲಗಿದ್ದು. ಏಳಲಿಕ್ಕೆ ಆಗ್ತಾ ಇಲ್ಲ."

"ನಾನು ನಿಮಗೆ ಜೋರು ಮಾಡುವ ಅಂತ ಬಂದದ್ದು," ಎಂದರು ಅವರು, ತಲೆಯಡಿಗೆ ಸೋಫಾದ ದಿಂಬು ಕೊಡುತ್ತ. "ನಮ್ಮಲ್ಲಿ ಮೇಜಿನ ಮೇಲಿನ ಗುಂಡುಸೂಜಿ ಡಬ್ಬಿ ತನ್ನಷ್ಟಕ್ಕೆ ನಡೀತಾ ಉಂಟು. ಈ ವಾರ ಇಡೀ ಹಾಗೆ. ಇವತ್ತು ಕೆಳಗೆ ಬಿದ್ದೇ ಹೋಯಿತು."

ಅವರು ನನ್ನ ಫೋನು ತಂದುಕೊಟ್ಟರು. ಹೆಂಡತಿ ಅರ್ಧ ದಿನದ ರಜೆ ಹಾಕಿ ಬರುವವರೆಗೂ ಊಟದ ಮೇಜಿನ ಕುರ್ಚಿಯಲ್ಲಿ ಕೂತು ಯಾರದೋ ರವಿಕೆಗೆ ಹುಕ್ಕು ಹಾಕುತ್ತಿದ್ದರು.

ಹೆಂಡತಿ ಬಂದವಳು ಬೈಯಲಿಲ್ಲ. ಡಾಕ್ಟರಿಗೆ ಫೋನು ಮಾಡಿದಳು, ಮಾತ್ರೆ ಕೊಟ್ಟಳು, ಇಬ್ಬರೂ ಸೇರಿ ನನ್ನನ್ನು ಮಂಚಕ್ಕೆ ಮುಟ್ಟಿಸಿದರು. ಸಂಜೆ ಪಕ್ಕದಲ್ಲಿ ಕೂತು ಕೇಳಿದಳು, "ನಿಮಗೆ ಬೇಕಾದದ್ದು ಕಾರು. ಸ್ಪೀಕರ್ ಅಲ್ಲ. ಹೌದಾ ಅಲ್ವಾ?"

ಹೌದೆಂದು ತಲೆ ಆಡಿಸಿದೆ. ಪುನಃ ಕಾರು ಬಿಡಲಿಕ್ಕಾಗದಿದ್ದರೆ ಏನು ಮಾಡುವುದೆಂದು ಅಷ್ಟು ದಿನ ಯಾರಲ್ಲಿಯೂ ಹೇಳಿರಲಿಲ್ಲ. ಅವತ್ತು ಹೇಳಿದೆ. "ಆಗದಿದ್ದರೆ ಬೇರೆ ಎಂತಾದರೂ ನೋಡುವ," ಎಂದಳು.

ಸೊಂಟ ಸ್ವಲ್ಪ ಹದಕ್ಕೆ ಬಂದ ಮೇಲೆ, ಒಂದು ಭಾನುವಾರ ಅವಳೇ ಸೆರಗು ಸಿಕ್ಕಿಸಿ ನಿಂತಳು. "ನೀವು ಕುರ್ಚಿ ಬಿಟ್ಟು ಏಳಬಾರದು. ಹೇಳಿ, ನಾನು ಎಳೀತೇನೆ." ಮೇಲಿನ ಮನೆಯವರು ಗುಂಡುಸೂಜಿ ಡಬ್ಬಿ ನಡೀತದಾ ಎಂದು ನೋಡಿ ಹೇಳಲಿಕ್ಕೆ ಅವರ ಬಾಲ್ಕನಿಯಲ್ಲಿ ನಿಂತರು. ವೂಫರನ್ನು ಮೂಲೆಯಿಂದ ಹೊರಗೆ ತಂದು ದಪ್ಪ ರಬ್ಬರ್ ಮ್ಯಾಟಿನ ಮೇಲಿಟ್ಟು, ಪುನಃ ಚೆಂಡೆ ಹಾಕಿಯಾಯಿತು.

"ಈಗ ಹೇಗುಂಟು?" ಹೆಂಡತಿ ಬಾಲ್ಕನಿಯಿಂದ ಕತ್ತು ಮೇಲೆ ಮಾಡಿ ಕೂಗಿದಳು.

"ಈಗಲೂ ಉಂಟು ಟೀಚರ್!"

ವೂಫರಿನ ಧ್ವನಿ ಇಳಿಸಿದಳು. "ಈಗ?"

"ಸ್ವಲ್ಪ! ಇನ್ನೊಂದು ಚೂರು ಇಳಿಸಿ!"

ಹೀಗೆ ಕೂಗಿ ಕೂಗಿ ಕೊನೆಗೆ ಮೇಲಿನಿಂದ "ಆಯ್ತು, ಡಬ್ಬಿ ನಿಂತಿತು!" ಎಂದು ಕೇಳಿತು. ಕೆಳಗೆ ರಸ್ತೆಯಲ್ಲಿ ಹೋಗುವವರು ತಲೆ ಎತ್ತಿ ನೋಡುತ್ತಿದ್ದರು. ಸೋಫಾದ ಎದುರು ಚಾಪೆ ಹಾಸಿದ ಮೇಲೆ ಮಾತಿನ ಬಾಲವೂ ಕಡಿಮೆಯಾಯಿತು. ಬಲಗಡೆಯ ಸ್ಪೀಕರನ್ನು ಹೆಂಡತಿ ಅಡುಗೆಕಟ್ಟೆಯ ಕಡೆಗೆ ಓರೆಯಾಗಿ ತಿರುಗಿಸಿಬಿಟ್ಟಳು.

"ಅದು ಸೋಫಾಕ್ಕೆ ಮುಖ ಮಾಡಬೇಕು," ಎಂದೆ.

"ಅಡುಗೆ ಮಾಡುವವರಿಗೆ ಕಿವಿ ಇಲ್ಲವಾ? ನಾನೂ ಕೇಳ್ತೇನೆ ಮಾರಾಯ್ರೆ, ಅರ್ಧ ಮಾತು ಇಲ್ಲಿಗೆ ಮುಟ್ಟುದಿಲ್ಲ ಅಷ್ಟೆ."

ಅವಳಿಗೆ ತಾಳಮದ್ದಳೆ ಬೇಕೆಂದೇ ನನಗೆ ಗೊತ್ತಿರಲಿಲ್ಲ. ಆ ಸಂಜೆ ಕೃಷ್ಣನೂ ಕೌರವನೂ ವಾದ ಮಾಡುತ್ತಿದ್ದಾಗ ಅವಳು ಚಪಾತಿ ಲಟ್ಟಿಸುತ್ತ, "ಅವನು ಹೇಳಿದ್ದು ಸರಿಯೇ," ಎಂದು ಕೌರವನ ಪರ ವಹಿಸಿದಳು. ನಾನು ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆಯಿತು. ನಡುವೆ ನಾನು ಅಭ್ಯಾಸದಂತೆ ಎದ್ದು ಬಾಲ್ಕನಿಯವರೆಗೆ ನಡೆದೆ.

"ಎಲ್ಲಿಗೆ ಹೊರಟ್ರಿ? ವಾದ ಮುಗೀಲಿಲ್ಲ."

"ಇಲ್ಲಿಯೂ ಕೇಳ್ತದೆ, ಹೇಳು," ಎಂದೆ.